ಪ್ರಶ್ನೋತ್ತರ: ಸುವಾರ್ತೆಯ ಮಾತು ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ಸಭೆಯಲ್ಲೇ ಬೆಳೆದವರಿಗೂ ಬೈಬಲ್ಲನ್ನೇ ಮುಟ್ಟದವರಿಗೂ ನಮ್ಮ ತಂಡ ಒಂದೇ ಪ್ರಸಂಗ ಮಾಡುತ್ತದೆ. ಎರಡನೆಯವರು ಹತ್ತು ನಿಮಿಷಕ್ಕೇ ಎದ್ದುಹೋಗುತ್ತಾರೆ. ಸಂದೇಶವನ್ನು ಬದಲಿಸಬಹುದೇ?

ಉತ್ತರ: ಸಂದೇಶ ಬೇಡ, ಆರಂಭವನ್ನು ಬದಲಿಸಿ. ಬೈಬಲ್ಲಿನ ಅಪೊಸ್ತಲರ ಕೃತ್ಯಗಳ 13, 14, 17ನೇ ಅಧ್ಯಾಯಗಳನ್ನು ಒಟ್ಟಿಗೆ ಓದಿ. ಪಿಸಿದ್ಯದ ಅಂತಿಯೋಕ್ಯದ ಯೆಹೂದ್ಯರ ಸಭಾಮಂದಿರದಲ್ಲಿ, ಊರೂರಿಗೆ ಸುವಾರ್ತೆ ಸಾರುತ್ತಿದ್ದ ಪೌಲ ಐಗುಪ್ತದ ಬಿಡುಗಡೆಯಿಂದ ದಾವೀದನವರೆಗೆ ಹೇಳುತ್ತಾ ಹೋಗುತ್ತಾನೆ. ಕೇಳುವವರಿಗೆ ಶಾಸ್ತ್ರ ಗೊತ್ತಿತ್ತು. ಶಾಸ್ತ್ರ ತಿಳಿಯದವರಿದ್ದ ಲುಸ್ತ್ರ ಊರಿನಲ್ಲಿ ಅದರ ಸುದ್ದಿಯೇ ಇಲ್ಲ, ಮಾತೆಲ್ಲ ಮಳೆ, ಬೆಳೆ, ಆಹಾರದ್ದು. ಅಥೇನೆಯಲ್ಲಿ 'ತಿಳಿಯದ ದೇವರಿಗೆ' ಎಂದು ಬರೆದಿದ್ದ ಬಲಿಪೀಠದಿಂದ ತೊಡಗಿ ಅವರದೇ ಕವಿಯ ಸಾಲು ಎತ್ತುತ್ತಾನೆ. ಆದರೆ ಯೇಸು ಸತ್ತು ಎದ್ದ ಪುನರುತ್ಥಾನವನ್ನು ಅಲ್ಲೂ ನುಂಗಿಕೊಳ್ಳಲಿಲ್ಲ. ಕೆಲವರು ನಕ್ಕರು, ಕೆಲವರು ಇನ್ನೊಮ್ಮೆ ಕೇಳುತ್ತೇವೆ ಅಂದರು, ಕೆಲವರು ನಂಬಿದರು. ಎಲ್ಲರೂ ತಲೆದೂಗಲಿ ಎಂದು ಹೊರಟವರು ಮೊದಲು ಕೈಬಿಡುವುದು ಆ ಭಾಗವನ್ನೇ.

ಹೊಸಬರಿಗೆ ಪ್ರಸಂಗಕ್ಕಿಂತ ಓದು ಮೇಲು. ಆರೆಂಟು ಜನ, ಒಂದು ಗಂಟೆ, ಮಾರ್ಕನ ಸುವಾರ್ತೆಯ ಹದಿನೈದಿಪ್ಪತ್ತು ವಚನ ಸಾಕು. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು; ಯೆಹೂದ್ಯರ ಕೈತೊಳೆಯುವ ಪದ್ಧತಿಯನ್ನು (7:3-4) ಹೊರಗಿನವರಿಗಾಗಿ ಬಿಡಿಸಿ ಹೇಳುತ್ತದೆ, 'ತಲಿಥಾಕೂಮ್' (5:41) ಎಂಬ ಅರಮಾಯ ಮಾತು ಅಂದರೇನೆಂದೂ ತಿಳಿಸುತ್ತದೆ. ಎರಡು ಸಲ ಗಟ್ಟಿಯಾಗಿ ಓದಿಸಿ, ಮೂರೇ ಪ್ರಶ್ನೆ ಕೇಳಿ: ಏನು ನಡೆಯಿತು? ಯೇಸು ಎಂಥವನಾಗಿ ಕಾಣುತ್ತಾನೆ? ಒಪ್ಪಲಾಗದ್ದು ಯಾವುದು? ಮೂರನೆಯದು ಬಂದಾಗ ಸಭೆಯ ಹಳಬರು ಉತ್ತರ ಹೇಳಲು ತುದಿಗಾಲಲ್ಲಿ ನಿಲ್ಲುತ್ತಾರೆ, ತಡೆಯಿರಿ. ಹಳಬರು ಇಬ್ಬರಿಗಿಂತ ಹೆಚ್ಚಿದ್ದರೆ ಹೊಸಬರು ಬಾಯಿ ಬಿಡುವುದು ಕಷ್ಟ.

ಪದಗಳ ಮೇಲೂ ಕಣ್ಣಿರಲಿ. 'ಹೊಸದಾಗಿ ಹುಟ್ಟುವುದು' ಎಂದರೆ ಅನೇಕರಿಗೆ ಪುನರ್ಜನ್ಮ, 'ರಕ್ಷಣೆ' ಎಂದರೆ ಅಪಘಾತ, ರೋಗಗಳಿಂದ ಪಾರಾಗುವುದು. 'ಅರ್ಥವಾಯಿತೇ?' ಎಂದರೆ ಎಲ್ಲರೂ ಹೂಂ ಅನ್ನುತ್ತಾರೆ. ಕೇಳಿದ್ದನ್ನು ಅವರದೇ ಮಾತಿನಲ್ಲಿ ಹೇಳಿಸಿ ನೋಡಿ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಪ್ರಶ್ನೆ: ಬೇರೆ ಭಾಷೆಯವರಿಗೆ ಅನುವಾದಕರ ಮೂಲಕ ಮಾತಾಡುವಾಗ ಹಿಡಿತ ತಪ್ಪುತ್ತದೆ. ಏನು ಮಾಡಬೇಕು?

ಉತ್ತರ: ಇಪ್ಪತ್ತು ನಿಮಿಷದ ಮಾತು ನಲವತ್ತಾಗುತ್ತದೆ, ಹಾಗಾಗಿ ಅರ್ಧಕ್ಕಿಳಿಸಿ. ಒಂದು ಸಲಕ್ಕೆ ಒಂದೇ ಪೂರ್ತಿ ವಾಕ್ಯ. ಅರ್ಧದಲ್ಲಿ ನಿಲ್ಲಿಸಿದರೆ ಕ್ರಿಯಾಪದ ಕೊನೆಗೆ ಬರುವ ಭಾಷೆಗಳಲ್ಲಿ ಅನುವಾದಕ ಊಹಿಸಬೇಕಾಗುತ್ತದೆ. ಟಿಪ್ಪಣಿ, ವಚನಗಳ ಪಟ್ಟಿ ಹಿಂದಿನ ದಿನವೇ ಅವರ ಕೈಸೇರಲಿ. ವಚನವನ್ನು ಸ್ಥಳದಲ್ಲೇ ಅನುವಾದಿಸದೆ ಆ ಭಾಷೆಯ ಬೈಬಲ್ಲಿನಿಂದ ಓದಲಿ. ಗಾದೆ, ಪ್ರಾಸ, ನಗೆಚಟಾಕಿ ಬಿಟ್ಟುಬಿಡಿ. ಭಾಷೆಯ ತೊಡಕು ಎಲ್ಲಿಗೆ ಮುಟ್ಟುತ್ತದೆ ನೋಡಿ: ಲುಸ್ತ್ರದ ಜನ ಕೂಗಿದ್ದು ತಮ್ಮೂರ ಲುಕವೋನ್ಯ ಭಾಷೆಯಲ್ಲಿ (ಅಪೊಸ್ತಲರ ಕೃತ್ಯಗಳು 14:11). ತಮ್ಮನ್ನೇ ದೇವತೆಗಳೆಂದು ಎಣಿಸಿ ಬಲಿಗೆ ಎತ್ತುಗಳನ್ನು ತಂದಮೇಲಷ್ಟೇ ಪೌಲನೂ ಅವನ ಜೊತೆಗಾರ ಬಾರ್ನಬನೂ ಬಟ್ಟೆ ಹರಿದುಕೊಂಡು ಓಡಿಬಂದರು.

ಪ್ರಶ್ನೆ: ನೆರವು ಹಂಚುವಾಗಲೇ ಸುವಾರ್ತೆ ಹೇಳಬಹುದೇ?

ಉತ್ತರ: ಬೇಡ. ಕೈಯಲ್ಲಿ ಚೀಲ ಹಿಡಿದು ನಿಂತವರು ಬೇಡ ಅನ್ನಲಾರರು. ಹಂಚುವ ದಿನ, ಜಾಗ, ಹೆಸರಿನ ಪಟ್ಟಿ ಮೂರೂ ಬೇರೆ ಇರಲಿ. ರೊಟ್ಟಿ ತಿಂದು ತೃಪ್ತರಾದದ್ದಕ್ಕೇ ಹುಡುಕಿಕೊಂಡು ಬಂದಿರೆಂದು ಯೇಸುವೇ ಜನರಿಗೆ ಹೇಳಿದ್ದುಂಟು (ಯೋಹಾನ 6:26). ಅವರಾಗಿ ಕೇಳಿದರೆ ಉತ್ತರಿಸಿ, ಅದೂ ಸಾತ್ವಿಕವಾಗಿ (1 ಪೇತ್ರ 3:15). ಮಕ್ಕಳಾದರೆ ಹೆತ್ತವರ ಒಪ್ಪಿಗೆ ಮೊದಲು.