ಸಂಪಾದಕರ ಉತ್ತರ: ಮಂಗ ಕಚ್ಚಿದ ರಾಜ

ಹೊಸನಗರದ ಓದುಗರೊಬ್ಬರಿಗೆ ನಮ್ಮ ಮೇಲೆ ಸಿಟ್ಟು ಬಂದಿದೆ. ಗ್ರೀಸಿನ ರಾಜ ಅಲೆಕ್ಸಾಂಡರ್ ಮಂಗ ಕಚ್ಚಿ ಸತ್ತ ಎಂದು ಕಳೆದ ಸಂಚಿಕೆಯಲ್ಲಿ ಹಾಕಿದ್ದು ಕಾಡುಹರಟೆಯಂತೆ. ಅದೇ ಜಾಗದಲ್ಲಿ ಕೆಳದಿಯ ಶಿವಪ್ಪ ನಾಯಕನ ‘ಶಿಸ್ತು’ ಎಂಬ ಕಂದಾಯ ಪದ್ಧತಿಯ ಬಗ್ಗೆ ಬರೆಯಬಹುದಿತ್ತಂತೆ.

ಬರೆಯಬಹುದಿತ್ತು, ಒಪ್ಪಿದೆ. ಮಣ್ಣಿನ ಗುಣ ನೋಡಿ ಕಂದಾಯ ಕಟ್ಟಿದ ದೊರೆ ಅವನು. ಆದರೆ ಸ್ವಾಮಿ, ಮಲೆನಾಡಿನವರಾಗಿ ಮಂಗನನ್ನು ಇಷ್ಟು ಹಗುರ ಮಾಡುವುದೇ?

ಆ ಅಲೆಕ್ಸಾಂಡರನಿಗೆ ಬರೀ 27 ವರ್ಷ. 1920ರ ಅಕ್ಟೋಬರ್ 2ರಂದು ತಾತೋಯ್ ಎಸ್ಟೇಟಿನಲ್ಲಿ ಅವನ ನಾಯಿಗೂ ಒಂದು ಸಾಕು ಮಂಗಕ್ಕೂ ಜಗಳ ಹತ್ತಿತು. ಬಿಡಿಸಲು ಹೋದವನ ಕಾಲಿಗೂ ಮೈಗೂ ಇನ್ನೊಂದು ಮಂಗ ಬಾಯಿ ಹಾಕಿತು. ಗಾಯ ತೊಳೆದು ಪಟ್ಟಿ ಕಟ್ಟಿದರು. ಯಾರಿಗೂ ಹೇಳಬೇಡಿ ಅಂದ ರಾಜ. ರಾತ್ರಿಯೊಳಗೆ ನಂಜೇರಿ ಜ್ವರ ಬಂತು. ಕಾಲು ಕತ್ತರಿಸುವ ಮಾತೂ ಬಂತು; ರಾಜನ ಕಾಲಿಗೆ ಕತ್ತಿ ಹಾಕುವ ಹೊಣೆ ಹೊರಲು ಯಾವ ವೈದ್ಯನೂ ಮುಂದಾಗಲಿಲ್ಲ. ಅದೇ ತಿಂಗಳ 25ರಂದು ತೀರಿಕೊಂಡ. ದೇಶ ಬಿಟ್ಟಿದ್ದ ಅಪ್ಪ ಮತ್ತೆ ಪಟ್ಟಕ್ಕೆ ಬಂದ, ತುರ್ಕರ ಮೇಲಿನ ಯುದ್ಧ 1922ರಲ್ಲಿ ಮಣ್ಣುಪಾಲಾಯಿತು. ಆ ಮಂಗನ ಕಡಿತಕ್ಕೆ ಎರಡೂವರೆ ಲಕ್ಷ ಜನ ಸತ್ತರೆಂದು ಚರ್ಚಿಲ್ ಬರೆದದ್ದು ಇದಕ್ಕೇ. ಹರಟೆಯೇ ಇದು?

ನಿಮ್ಮದೇ ತಾಲೂಕಿನ ಬಿದನೂರು ನೋಡಿ. 1763ರಲ್ಲಿ ಅದನ್ನು ಹಿಡಿದು ತನ್ನ ಹೆಸರಿಟ್ಟ ಹೈದರಾಲಿ 1782ರಲ್ಲಿ ಸತ್ತದ್ದು ಫಿರಂಗಿಗಲ್ಲ, ಬೆನ್ನಿನ ಮೇಲೆದ್ದ ಕುರುವಿಗೆ. ಪಠ್ಯಪುಸ್ತಕದಲ್ಲಿ ಇಸವಿಯಷ್ಟೇ ಇರುತ್ತದೆ. ಹೇಗೆ ಸತ್ತ ಸಾರ್ ಎಂದು ಕೇಳಿದ ಹುಡುಗನನ್ನು ಗದರಿಸಿ ಕೂರಿಸುತ್ತಾರೆ.

ಕಾಯಿಲೆಯನ್ನು ಹೊರಗಿಟ್ಟು ನಮ್ಮ ಜಿಲ್ಲೆಯ ಚರಿತ್ರೆ ಬರೆಯಿರಿ ನೋಡೋಣ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನಕ್ಕೂ ಜ್ವರ ಹತ್ತಿತು; ಅದೇ ಮಂಗನ ಕಾಯಿಲೆ. ನಮ್ಮಲ್ಲಿ ಮಂಗ ಕಚ್ಚಲೇಬೇಕೆಂದಿಲ್ಲ, ರಕ್ತ ಹೀರುವ ಪುಟ್ಟ ಹುಳ ಉಣುಗು ಕಚ್ಚಿದರೂ ಸಾಕು. ದರಗು (ಒಣಗಿದ ಎಲೆ) ಗುಡಿಸಲು, ಸೌದೆ ತರಲು ಹೋದವರ ಮೈಗೆ ಅದು ಹತ್ತುತ್ತದೆ. 2019ರಲ್ಲಿ ಸಾಗರದ ಅರಳಗೋಡು ಸುತ್ತ ಸಾವಿನ ಮೇಲೆ ಸಾವಾದಾಗ ಕಾಯಿಲೆಯವರನ್ನು ಘಾಟಿ ಇಳಿಸಿ ಮಣಿಪಾಲಕ್ಕೆ ಒಯ್ಯಬೇಕಾಯಿತು. ಪರಿಣಾಮ ಸಾಲದೆಂದು ಹಳೇ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ಹೊಣೆ ಯಾರದೆಂದು ಕೇಳಿ: ಆರೋಗ್ಯದವರು ಅರಣ್ಯದವರತ್ತ ಕೈ ತೋರಿಸುತ್ತಾರೆ, ಅರಣ್ಯದವರು ಪಶುವೈದ್ಯರತ್ತ. ಉಣುಗು ಹತ್ತದಂತೆ ಮೈಗೆ ಹಚ್ಚುವ ಎಣ್ಣೆಯ ಶೀಶೆ ಹಂಚಿ ಫೋಟೊ ತೆಗೆಸಿಕೊಳ್ಳುವ ದಿನ ಮಾತ್ರ ಮೂವರೂ ಹಾಜರು.