ಡಿಕ್ಕಿಯಾದ ಮೇಲೂ ಕ್ಯೂ ಬಾಲ್ ಮುಂದಕ್ಕೆ ಹೋಗುವುದೇಕೆ?

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಮೊಬೈಲ್‌ಗೆ ಪೂಲ್ ಆಟವೊಂದನ್ನು ಬರೆಯುತ್ತಿದ್ದೇನೆ. ಘರ್ಷಣೆಗೆಂದು ಪ್ರತಿ ಫ್ರೇಮಿನಲ್ಲೂ (ಪರದೆಯ ಚಿತ್ರ ಬದಲಾದಾಗಲೆಲ್ಲ) ಚೆಂಡಿನ ವೇಗವನ್ನು 0.99ರಿಂದ ಗುಣಿಸುತ್ತೇನೆ. ನೇರ ಹೊಡೆತದಲ್ಲಿ ಕ್ಯೂ ಬಾಲ್ (ಕೋಲಿನಿಂದ ಹೊಡೆಯುವ ಬಿಳಿ ಚೆಂಡು) ಯಾವಾಗಲೂ ಡಿಕ್ಕಿಯಾದಲ್ಲೇ ನಿಂತುಬಿಡುತ್ತದೆ. ನಿಜವಾದ ಟೇಬಲ್ ಮೇಲೆ ಹಾಗಾಗುವುದಿಲ್ಲ. ಜೊತೆಗೆ, ನನ್ನ ಆಟದಲ್ಲಿ ಜೋರಾಗಿ ಹೊಡೆದರೆ ಒಂದು ಚೆಂಡು ಇನ್ನೊಂದರೊಳಗೆ ತೂರಿಕೊಂಡೇ ಹೋಗುತ್ತದೆ. ತಪ್ಪೆಲ್ಲಿ?

ಉತ್ತರ: ಡಿಕ್ಕಿಯ ಲೆಕ್ಕದಲ್ಲಿ ಬಹುಶಃ ತಪ್ಪಿಲ್ಲ. ಒಂದೇ ತೂಕದ ಎರಡು ಚೆಂಡುಗಳು ನೇರವಾಗಿ ಬಡಿದರೆ ವೇಗ ಹೆಚ್ಚುಕಡಿಮೆ ಪೂರ್ತಿಯಾಗಿ ಎರಡನೆಯದಕ್ಕೆ ದಾಟುತ್ತದೆ. ಆದರೆ ಸ್ಪಿನ್ ದಾಟುವುದಿಲ್ಲ. ಕ್ಯೂ ಬಾಲ್ ಕ್ಷಣಕಾಲ ನಿಂತರೂ ನಿಂತಲ್ಲೇ ತಿರುಗುತ್ತಿರುತ್ತದೆ, ಟೇಬಲ್‌ಗೆ ಹೊದಿಸಿದ ಬಟ್ಟೆಯ ಘರ್ಷಣೆ ಆ ತಿರುಗಾಟವನ್ನೇ ಹಿಡಿದು ಚೆಂಡನ್ನು ಮುಂದಕ್ಕೆ ನೂಕುತ್ತದೆ. ನಿಮ್ಮ ಕೋಡಿನಲ್ಲಿ ಸ್ಪಿನ್ ಎಂಬ ಚರವೇ ಇಲ್ಲ, ಹಾಗಾಗಿ ನೂಕಲು ಏನೂ ಉಳಿದಿಲ್ಲ.

0.99ರ ಗುಣಾಕಾರವನ್ನು ಮೊದಲು ಕಿತ್ತುಹಾಕಿ. ಅದು ಚೆಂಡನ್ನು ಎಂದೂ ಪೂರ್ತಿ ನಿಲ್ಲಿಸುವುದಿಲ್ಲ. ಸಾಲದ್ದಕ್ಕೆ, ಸೆಕೆಂಡಿಗೆ 60 ಫ್ರೇಮಿನ ಫೋನಿನಲ್ಲಿ ಒಂದು ಸೆಕೆಂಡಿನ ನಂತರ 55% ವೇಗ ಉಳಿದರೆ, 144 ಫ್ರೇಮಿನ ಫೋನಿನಲ್ಲಿ ಉಳಿಯುವುದು 24% ಮಾತ್ರ. ಫೋನ್ ಬದಲಾದರೆ ಆಟವೇ ಬದಲಾಗುತ್ತದೆ.

ಬಟ್ಟೆಯ ಮೇಲೆ ಘರ್ಷಣೆ ಎರಡು ಬಗೆ. ಜಾರುವಾಗ ಗುಣಾಂಕ (ಘರ್ಷಣೆ ಎಷ್ಟು ಎಂದು ಹೇಳುವ ಸಂಖ್ಯೆ) ಸುಮಾರು 0.2, ಉರುಳುವಾಗ ಸುಮಾರು 0.01. ಇಪ್ಪತ್ತು ಪಟ್ಟು ಅಂತರ! ಯಾವುದನ್ನು ಬಳಸಬೇಕೆಂದು ತೀರ್ಮಾನಿಸುವುದು ಚೆಂಡಿನ ವೇಗವಲ್ಲ, ಅದರ ತಳ ಬಟ್ಟೆಗೆ ತಾಗುವ ಬಿಂದುವಿನ ವೇಗ. ಅದು ಸೊನ್ನೆಯಾಗಿದ್ದರೆ ಚೆಂಡು ಉರುಳುತ್ತಿದೆ, ಇಲ್ಲವಾದರೆ ಜಾರುತ್ತಿದೆ. ಘರ್ಷಣೆಯ ದಿಕ್ಕು ಈ ಜಾರುವೇಗಕ್ಕೆ ವಿರುದ್ಧ, ಚಲನೆಗೆ ವಿರುದ್ಧವೇ ಆಗಬೇಕೆಂದಿಲ್ಲ. ಹಿಮ್ಮುಖ ಸ್ಪಿನ್ ಕೊಟ್ಟ ಚೆಂಡು ವಾಪಸ್ ಬರುವುದು ಇದರಿಂದಲೇ.

ಒಂದು ಲೆಕ್ಕ ನೋಡಿ. ಸ್ಪಿನ್ ಇಲ್ಲದೆ ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ಹೊರಟ ಚೆಂಡು ಸುಮಾರು 0.29 ಸೆಕೆಂಡು, ಅರ್ಧ ಮೀಟರ್ ದೂರ ಜಾರಿ, ವೇಗ 5/7ಕ್ಕೆ, ಅಂದರೆ 1.4ಕ್ಕೆ ಇಳಿದಾಗ ಉರುಳತೊಡಗುತ್ತದೆ. ಆಗಲೇ ನೇರ ಡಿಕ್ಕಿಯಾಯಿತು ಎನ್ನಿ. ಎದುರಿನ ಚೆಂಡು 1.4ರಲ್ಲಿ ಹೊರಟು, ಜಾರಿ, 1.0ಕ್ಕೆ ಬಂದು ಉರುಳುತ್ತದೆ. ನಿಂತ ಕ್ಯೂ ಬಾಲ್ ತನ್ನ ಸ್ಪಿನ್ನಿನ ಬಲದಿಂದ 0.4ಕ್ಕೆ ಏರುತ್ತದೆ. ಡಿಕ್ಕಿಯಲ್ಲಿ ಆಗುವ ಅಲ್ಪ ನಷ್ಟವನ್ನು ಇಲ್ಲಿ ಬಿಟ್ಟಿದ್ದೇನೆ. ಈ ಮೂರು ಅಂಕಿ ನಿಮ್ಮ ಕೋಡಿನಲ್ಲಿ ಬಂದರೆ ಘರ್ಷಣೆಯ ಭಾಗ ಸರಿಯಾಗಿದೆ ಎಂದೇ ಲೆಕ್ಕ.

ಬಹಳ ಜನ ಎಡವುವ ಜಾಗ ಇನ್ನೊಂದಿದೆ. ಕೋಡು ಚಲನೆಯನ್ನು ಸಣ್ಣ ಸಣ್ಣ ಕಾಲದ ಹೆಜ್ಜೆಗಳಲ್ಲಿ ಲೆಕ್ಕ ಹಾಕುತ್ತದೆ; ಜಾರುವೇಗ ಸೊನ್ನೆಯ ಹತ್ತಿರ ಬಂದಾಗ ಒಂದೇ ಹೆಜ್ಜೆಯಲ್ಲಿ ಸೊನ್ನೆ ದಾಟಿ ಆಚೆ ಹೋಗುತ್ತದೆ, ಮುಂದಿನ ಹೆಜ್ಜೆಯಲ್ಲಿ ಈಚೆ ಬರುತ್ತದೆ, ಚೆಂಡು ನಡುಗತೊಡಗುತ್ತದೆ. ಜಾರುವೇಗ ಇಳಿಯುವ ದರ 3.5 × ಗುಣಾಂಕ × ಗುರುತ್ವ. ಒಂದು ಹೆಜ್ಜೆಯಲ್ಲಿ ಇಳಿಯಬಹುದಾದಷ್ಟಕ್ಕಿಂತ ಕಡಿಮೆ ಉಳಿದಿದ್ದರೆ ಅದನ್ನು ನೇರವಾಗಿ ಸೊನ್ನೆ ಮಾಡಿ, ‘ಉರುಳುತ್ತಿದೆ’ ಎಂದು ಗುರುತು ಹಾಕಿ.

ಚೆಂಡು ತೂರಿಹೋಗುವುದು ಹೆಜ್ಜೆ ದೊಡ್ಡದಾದ್ದರಿಂದ. ಸೆಕೆಂಡಿಗೆ 10 ಮೀಟರ್ ವೇಗದ ಬ್ರೇಕ್ ಹೊಡೆತದಲ್ಲಿ (ಆಟ ಶುರು ಮಾಡುವ ಮೊದಲ ಹೊಡೆತ) 60 ಫ್ರೇಮಿನ ಫೋನಿನಲ್ಲಿ ಚೆಂಡು ಒಂದು ಫ್ರೇಮಿಗೆ 16.7 ಸೆಂ.ಮೀ. ಸಾಗುತ್ತದೆ, ಪೂಲ್ ಚೆಂಡಿನ ವ್ಯಾಸ 5.715 ಸೆಂ.ಮೀ. ಅಷ್ಟೇ. ಪರದೆಯ ಫ್ರೇಮನ್ನು ಮರೆತು ಲೆಕ್ಕಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಹೆಜ್ಜೆ ಇಟ್ಟುಕೊಳ್ಳಿ. ಹದಿನಾರು ಚೆಂಡಿಗೆ ಫೋನ್ ಏನೂ ಸುಸ್ತಾಗುವುದಿಲ್ಲ. ಪರಸ್ಪರ ಹತ್ತಿರವಾಗುತ್ತಿರುವ ಚೆಂಡುಗಳಿಗೆ ಮಾತ್ರ ಡಿಕ್ಕಿ ಲೆಕ್ಕ ಹಾಕಿ, ಇಲ್ಲದಿದ್ದರೆ ಅವು ಅಂಟಿಕೊಳ್ಳುತ್ತವೆ.

ಇದಕ್ಕಿಂತ ಸೊಗಸಾದ ದಾರಿಯೂ ಇದೆ. ಜಾರುವಾಗ ಜಾರುವೇಗದ ದಿಕ್ಕು ಬದಲಾಗುವುದಿಲ್ಲ, ಆದ್ದರಿಂದ ಚೆಂಡಿನ ದಾರಿ ಪರವಲಯ ಅಥವಾ ಸರಳರೇಖೆ. ಫ್ರಾನ್ಸಿನ ಗಣಿತಜ್ಞ ಕೊರಿಯೊಲಿಸ್ 1835ರಲ್ಲೇ ಬಿಲಿಯರ್ಡ್ಸ್ ಗಣಿತದ ಮೇಲೆ ಒಂದು ಪುಸ್ತಕವನ್ನೇ ಬರೆದಿದ್ದ. ದಾರಿಯ ಸೂತ್ರ ಗೊತ್ತಿದ್ದರೆ ಮುಂದಿನ ಡಿಕ್ಕಿಯ ಕ್ಷಣವನ್ನು ನಾಲ್ಕನೇ ಘಾತದ ಸಮೀಕರಣ ಬಿಡಿಸಿ ಕಂಡುಹಿಡಿದು, ನೇರ ಅಲ್ಲಿಗೇ ಜಿಗಿಯಬಹುದು. ಮೊದಲ ಆವೃತ್ತಿಗೆ ಇದು ಬೇಡ ಎನ್ನುತ್ತೇನೆ; ಸಮೀಕರಣದ ಮೂಲಗಳಲ್ಲಿ ಆಗುವ ಸಣ್ಣ ತಪ್ಪು ಹುಡುಕುವುದರಲ್ಲೇ ಸೆಮಿಸ್ಟರ್ ಮುಗಿದುಹೋದೀತು.

ಚೆಂಡು-ಚೆಂಡಿನ ನಡುವಣ ಘರ್ಷಣೆಯನ್ನು ಕೊನೆಗೆ ಸೇರಿಸಿ. ಗುಣಾಂಕ 0.05ರ ಆಸುಪಾಸು, ಓರೆ ಹೊಡೆತದಲ್ಲಿ ಚೆಂಡನ್ನು ಕೆಲವು ಡಿಗ್ರಿ ಮಾತ್ರ ಪಕ್ಕಕ್ಕೆ ಸರಿಸುತ್ತದೆ. ದೂರದ ಪಾಕೆಟ್ ತಪ್ಪಲು ಅಷ್ಟು ಸಾಕು.