ಹಳೆಯ ಫ್ಲ್ಯಾಶ್ ಹೊಸ ಡಿಜಿಟಲ್ ಕ್ಯಾಮೆರಾಕ್ಕೆ ಹಾಕಬಹುದಾ?

ಅಪ್ಪನ ಕಾಲದ ವಿವಿಟಾರ್ 283 ಫ್ಲ್ಯಾಶನ್ನು ಹೊಸ ನಿಕಾನ್ ಮೇಲೆ ಕೂರಿಸಬಹುದಾ ಅಂತ ಕೇಳಿದ್ದೀರಿ. ಕೂರಿಸಬಹುದು, ಆದರೆ ಮೊದಲು ಅದರ ಟ್ರಿಗರ್ ವೋಲ್ಟೇಜ್, ಅಂದರೆ ಫ್ಲ್ಯಾಶ್ ಕಾಲಿನಿಂದ ಕ್ಯಾಮೆರಾಕ್ಕೆ ಬರುವ ವೋಲ್ಟೇಜ್, ಅಳೆಯಿರಿ.

ಹಳೆಯ ಫಿಲ್ಮ್ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಹೊತ್ತಿಸುತ್ತಿದ್ದದ್ದು ಬರೀ ಲೋಹದ ಸ್ವಿಚ್. 200 ವೋಲ್ಟ್ ಬಂದರೂ ತಡೆಯುತ್ತಿತ್ತು. ಈಗ ಆ ಕೆಲಸ ಎಲೆಕ್ಟ್ರಾನಿಕ್ ಸರ್ಕ್ಯೂಟ್‌ನದು, ಜಾಸ್ತಿಯಾದರೆ ಸುಟ್ಟೇ ಹೋಗಬಹುದು. ಜಪಾನಿನಲ್ಲಿ ತಯಾರಾದ ಮೊದಮೊದಲ 283ಗಳು 200 ದಾಟುವುದುಂಟು. ಆಮೇಲಿನ ಹಲವದರಲ್ಲಿ 10ರ ಆಸುಪಾಸು ಅಷ್ಟೇ. ಸುಮ್ನೆ ಹೆಸರು ನೋಡಿ ನಂಬಬೇಡಿ.

ಫ್ಲ್ಯಾಶ್ ಆನ್ ಮಾಡಿ, ರೆಡಿ ದೀಪ ಹತ್ತಲಿ. ಮಲ್ಟಿಮೀಟರನ್ನು ಡಿಸಿಯ ದೊಡ್ಡ ರೇಂಜಿಗೆ ಇಡಿ. ಕೆಂಪು ತುದಿಯನ್ನು ಫ್ಲ್ಯಾಶ್ ಕಾಲಿನ ನಡುವಿನ ಪಿನ್‌ಗೆ, ಕಪ್ಪನ್ನು ಪಕ್ಕದ ಲೋಹಕ್ಕೆ ಮುಟ್ಟಿಸಿ. ಬೆರಳು ತಾಗಿಸಬೇಡಿ, ಜುಮ್ ಅನ್ನುತ್ತದೆ! ನಿಕಾನ್ ಕೈಪಿಡಿಗಳು 250 ವೋಲ್ಟ್ ಮೀರಬಾರದು ಎನ್ನುತ್ತವೆ. ನಾನಾದರೆ 24 ದಾಟಿದರೇ ಕ್ಯಾಮೆರಾ ಮೇಲೆ ಇಡುವುದಿಲ್ಲ. ಫ್ಲ್ಯಾಶನ್ನು ವೈರಿಲ್ಲದೆ ದೂರದಿಂದ ಹೊತ್ತಿಸುವ ಅಗ್ಗದ ರೇಡಿಯೋ ಟ್ರಿಗರ್ ಬಳಸುತ್ತೇನೆ, ಸುಟ್ಟರೆ ಅದು ಸುಡಲಿ.

ಟಿಟಿಎಲ್, ಅಂದರೆ ಲೆನ್ಸ್ ಮೂಲಕ ಬಂದ ಬೆಳಕನ್ನು ಕ್ಯಾಮೆರಾ ಅಳೆದು ಫ್ಲ್ಯಾಶನ್ನು ತಾನೇ ಹೊಂದಿಸುವ ಸೌಲಭ್ಯ, ಸಿಗುವುದಿಲ್ಲ. ಕ್ಯಾಮೆರಾವನ್ನು ಮ್ಯಾನುಯಲ್‌ಗೆ ಹಾಕಿ, ಶಟರ್ 1/200 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನ ಇಡಿ. 283ರ ಮುಂದಿರುವ ಸೆನ್ಸರ್ ಬೆಳಕನ್ನು ತಾನೇ ಅಳೆದುಕೊಳ್ಳುತ್ತದೆ.